ಉಪಗ್ರಹ ಚಿತ್ರಗಳಲ್ಲಿ ಮಬ್ಬು ತಿದ್ದುಪಡಿ

ಮಬ್ಬು ತಿದ್ದುಪಡಿ ಎಂದರೆ ದೂರಸಂವೇದಿ ಉಪಗ್ರಹಗಳು ತೆಗೆದ ಭೂಚಿತ್ರಗಳಲ್ಲಿ ವಾಯುಮಂಡಲದ ಧೂಳು, ಹೊಗೆ ಮತ್ತು ತೇವಾಂಶ ಹೀರಿದ ಸೂಕ್ಷ್ಮ ಕಣಗಳಿಂದ ಉಂಟಾದ ಪ್ರಭಾವವನ್ನು ಅಂದಾಜು ಮಾಡಿ ತೆಗೆದುಹಾಕುವ ಪ್ರಕ್ರಿಯೆ. ಇದು ವಾಯುಮಂಡಲ ತಿದ್ದುಪಡಿ ಎಂಬ ವಿಶಾಲ ವಿಷಯದ ಒಂದು ಭಾಗವಾಗಿದೆ. ಇದರ ಮುಖ್ಯ ಉದ್ದೇಶ ಚಿತ್ರವನ್ನು ಕಣ್ಣಿಗೆ ಚೆನ್ನಾಗಿ ಕಾಣುವಂತೆ ಮಾಡುವುದಲ್ಲ; ನೆಲದ ಮೇಲ್ಮೈ ವಾಸ್ತವವಾಗಿ ಎಷ್ಟು ಬೆಳಕನ್ನು ಪ್ರತಿಫಲಿಸಿತು ಎಂಬುದನ್ನು ಸಂಖ್ಯಾರೂಪದಲ್ಲಿ ಮರಳಿ ಪಡೆಯುವುದು. ವಾಹನ, ಕಾರ್ಖಾನೆ ಮತ್ತು ನಿರ್ಮಾಣ ಕಾಮಗಾರಿಗಳಿಂದ ನಗರಗಳ ಮೇಲೆ ಮಬ್ಬು ಹೆಚ್ಚಾಗಿರುವುದರಿಂದ ಅಲ್ಲಿ ಈ ತಿದ್ದುಪಡಿಯ ಅಗತ್ಯ ಹೆಚ್ಚು. ಆದರೆ ಪ್ರಚಲಿತ ವಿಧಾನಗಳಲ್ಲಿ ಹಲವು ಆಧರಿಸಿರುವ ಊಹೆಗಳು ನಗರಗಳಲ್ಲಿಯೇ ಸುಲಭವಾಗಿ ತಪ್ಪುತ್ತವೆ.

## ಮಬ್ಬು, ಮಂಜು ಮತ್ತು ಮೋಡ

ಉಪಗ್ರಹ ಚಿತ್ರದಲ್ಲಿ ನೆಲವನ್ನು ಮರೆಮಾಡುವ ಎಲ್ಲವೂ ಮಬ್ಬಲ್ಲ. ದಟ್ಟ ಮೋಡ ಮತ್ತು ದಟ್ಟ ಮಂಜು ನೆಲದಿಂದ ಬರುವ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತವೆ. ಅವುಗಳ ಕೆಳಗಿನ ಮಾಹಿತಿ ಚಿತ್ರದಲ್ಲಿ ದಾಖಲಾಗಿರುವುದಿಲ್ಲವಾದ್ದರಿಂದ ಅದನ್ನು ತಿದ್ದುಪಡಿಯಿಂದ ಪಡೆಯಲು ಸಾಧ್ಯವಿಲ್ಲ. ಅಂತಹ ಭಾಗಗಳನ್ನು ಗುರುತಿಸಿ ವಿಶ್ಲೇಷಣೆಯಿಂದ ಹೊರಗಿಡಲಾಗುತ್ತದೆ. ಮಬ್ಬು ಅರೆಪಾರದರ್ಶಕವಾಗಿದ್ದು, ನೆಲದಿಂದ ಬಂದ ಬೆಳಕು ದುರ್ಬಲವಾಗಿಯಾದರೂ ಉಪಗ್ರಹವನ್ನು ತಲುಪುತ್ತದೆ. ಹೀಗೆ ಉಳಿದ ಮಾಹಿತಿಯನ್ನು ಬೇರ್ಪಡಿಸುವುದೇ ಮಬ್ಬು ತಿದ್ದುಪಡಿ.

ಹತ್ತು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿರುವ ತೆಳು ಹಿಮಮೋಡಗಳು ಮತ್ತೊಂದು ಬಗೆಯವು. ಇವುಗಳ ಪತ್ತೆಗಾಗಿ ಲ್ಯಾಂಡ್‌ಸ್ಯಾಟ್ 8 ಮತ್ತು ಸೆಂಟಿನೆಲ್-2 ಉಪಗ್ರಹಗಳಲ್ಲಿ ಸುಮಾರು 1.38 ಮೈಕ್ರೊಮೀಟರ್ ತರಂಗದೂರದ ವಿಶೇಷ ಪಟ್ಟಿಯಿದೆ. ಈ ತರಂಗದೂರದಲ್ಲಿ ಕೆಳಮಟ್ಟದ ನೀರಾವಿ ಬೆಳಕನ್ನು ಹೀರಿಕೊಳ್ಳುವುದರಿಂದ ಎತ್ತರದ ಮೋಡ ಮಾತ್ರ ಕಾಣಿಸುತ್ತದೆ. ಅದೇ ಕಾರಣದಿಂದ, ನೆಲಕ್ಕೆ ಹತ್ತಿರದಲ್ಲಿ ನಿಂತ ನಗರದ ಮಬ್ಬು ಈ ಪಟ್ಟಿಯಲ್ಲಿ ಗೋಚರಿಸುವುದಿಲ್ಲ.

## ಭೌತಿಕ ಹಿನ್ನೆಲೆ

ಸೂರ್ಯನ ಬೆಳಕು ವಾಯುಮಂಡಲವನ್ನು ಎರಡು ಬಾರಿ ಹಾದುಹೋಗುತ್ತದೆ: ನೆಲಕ್ಕೆ ಇಳಿಯುವಾಗ ಒಮ್ಮೆ, ನೆಲದಿಂದ ಪ್ರತಿಫಲಿಸಿ ಉಪಗ್ರಹದ ಕಡೆಗೆ ಏರುವಾಗ ಮತ್ತೊಮ್ಮೆ. ಈ ಹಾದಿಯಲ್ಲಿ ಚದುರಿಕೆ ಮತ್ತು ಹೀರಿಕೆ ಎಂಬ ಎರಡು ಕ್ರಿಯೆಗಳು ನಡೆಯುತ್ತವೆ.

ಗಾಳಿಯ ಅಣುಗಳಿಂದಾಗುವ ಚದುರಿಕೆಯನ್ನು ರೇಲೀ ಚದುರಿಕೆ ಎನ್ನುತ್ತಾರೆ. ಇದರ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಆದ್ದರಿಂದ 0.48 ಮೈಕ್ರೊಮೀಟರ್‌ನ ನೀಲಿ ಬೆಳಕು 0.655 ಮೈಕ್ರೊಮೀಟರ್‌ನ ಕೆಂಪು ಬೆಳಕಿಗಿಂತ ಸುಮಾರು ಮೂರೂವರೆ ಪಟ್ಟು, 0.865 ಮೈಕ್ರೊಮೀಟರ್‌ನ ಸಮೀಪ ಅವಕೆಂಪು ಬೆಳಕಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಚದುರುತ್ತದೆ. ಹೊಗೆ, ಧೂಳು ಮೊದಲಾದ ಏರೋಸಾಲ್ ಕಣಗಳ ಗಾತ್ರ ಬೆಳಕಿನ ತರಂಗದೂರಕ್ಕೆ ಸಮೀಪವಾಗಿರುವುದರಿಂದ ಅವುಗಳಿಂದಾಗುವ ಚದುರಿಕೆಗೆ ಮೀ ಸಿದ್ಧಾಂತ ಅನ್ವಯಿಸುತ್ತದೆ. ಇದು ತರಂಗದೂರವನ್ನು ಅಷ್ಟು ತೀವ್ರವಾಗಿ ಅವಲಂಬಿಸುವುದಿಲ್ಲ. ಆದ್ದರಿಂದಲೇ ಶುಭ್ರ ಆಕಾಶ ನೀಲಿಯಾಗಿಯೂ ಧೂಳು ತುಂಬಿದ ಆಕಾಶ ಬಿಳಿಚಿದಂತೆಯೂ ಕಾಣುತ್ತದೆ.

ರೇಲೀ ಚದುರಿಕೆಯನ್ನು ವಾಯುವಿನ ಒತ್ತಡ ಮತ್ತು ಸೂರ್ಯನ ಕೋನಗಳಿಂದ ಸಾಕಷ್ಟು ನಿಖರವಾಗಿ ಲೆಕ್ಕಹಾಕಬಹುದು. ಏರೋಸಾಲ್‌ಗಳ ಪ್ರಮಾಣವಾದರೋ ದಿನದಿಂದ ದಿನಕ್ಕೆ, ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತದೆ. ತಿದ್ದುಪಡಿಯ ನಿಜವಾದ ಕಷ್ಟವಿರುವುದು ಇಲ್ಲಿಯೇ. ಏರೋಸಾಲ್‌ಗಳ ಒಟ್ಟು ಪ್ರಭಾವವನ್ನು ದ್ಯುತೀಯ ಆಳ ಎಂಬ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ದ್ಯುತೀಯ ಆಳ 0.5 ಇದ್ದರೆ ನೇರವಾಗಿ ಮೇಲಿನಿಂದ ಬರುವ ಕಿರಣದ ಸುಮಾರು 61 ಶೇಕಡಾ ಭಾಗವು ಚದುರದೆ, ಹೀರಲ್ಪಡದೆ ನೆಲವನ್ನು ತಲುಪುತ್ತದೆ; ಅದು 1 ಇದ್ದರೆ ಸುಮಾರು 37 ಶೇಕಡಾ ಮಾತ್ರ ತಲುಪುತ್ತದೆ. ಕಿರಣ ಓರೆಯಾದಷ್ಟೂ ಹಾದಿ ಉದ್ದವಾಗಿ ಈ ಪ್ರಮಾಣ ಮತ್ತಷ್ಟು ಕುಗ್ಗುತ್ತದೆ.

ಒಟ್ಟಿನಲ್ಲಿ ಮಬ್ಬು ಚಿತ್ರದ ಮೇಲೆ ಮೂರು ಬಗೆಯ ಪರಿಣಾಮ ಬೀರುತ್ತದೆ:

* ಸಂಕಲನ ಪರಿಣಾಮ: ನೆಲವನ್ನು ತಲುಪದೆಯೇ ಕಣಗಳಿಂದ ಚದುರಿ ಉಪಗ್ರಹವನ್ನು ಸೇರುವ ಬೆಳಕು ಪ್ರತಿ ಪಿಕ್ಸೆಲ್‌ಗೂ ಸೇರಿಕೊಳ್ಳುತ್ತದೆ. ಇದನ್ನು ಪಥಪ್ರಕಾಶ ಎನ್ನಬಹುದು. ಕಪ್ಪು ವಸ್ತುಗಳು ಇದರಿಂದ ಬೆಳ್ಳಗಾಗಿ ಕಾಣುತ್ತವೆ.
* ಕ್ಷೀಣತೆ: ನೆಲದಿಂದ ಬರುವ ಬೆಳಕಿನ ಒಂದು ಭಾಗ ದಾರಿಯಲ್ಲಿ ನಷ್ಟವಾಗುತ್ತದೆ. ಪ್ರಕಾಶಮಾನ ವಸ್ತುಗಳು ಇದರಿಂದ ಮಂಕಾಗುತ್ತವೆ.
* ನೆರೆಹೊರೆ ಪರಿಣಾಮ: ಪಕ್ಕದ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಚದುರಿ ಬೇರೊಂದು ಪಿಕ್ಸೆಲ್‌ನ ಬೆಳಕಿನೊಂದಿಗೆ ಬೆರೆಯುತ್ತದೆ. ಕಾಂಕ್ರೀಟ್ ಕಟ್ಟಡಗಳಿಂದ ಸುತ್ತುವರಿದ ಸಣ್ಣ ಕೆರೆ ತನ್ನ ನೈಜ ಬಣ್ಣಕ್ಕಿಂತ ಬೆಳ್ಳಗೆ ಕಾಣುವುದು ಇದರ ಉದಾಹರಣೆ.

## ತಿದ್ದುಪಡಿಯ ಅಗತ್ಯ

ಸಸ್ಯಸಾಂದ್ರತೆಯನ್ನು ಅಳೆಯಲು ಬಳಸುವ ಎನ್‌ಡಿವಿಐ ಸೂಚ್ಯಂಕದ ಮೂಲಕ ಮಬ್ಬಿನ ಪರಿಣಾಮವನ್ನು ಸ್ಪಷ್ಟವಾಗಿ ತೋರಿಸಬಹುದು. ಸಮೀಪ ಅವಕೆಂಪು ಮತ್ತು ಕೆಂಪು ಪ್ರತಿಫಲನಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ಈ ಸೂಚ್ಯಂಕ ದೊರೆಯುತ್ತದೆ. ಮರಗಳಿರುವ ಒಂದು ಉದ್ಯಾನವನದ ಕೆಂಪು ಪ್ರತಿಫಲನ 0.04, ಸಮೀಪ ಅವಕೆಂಪು ಪ್ರತಿಫಲನ 0.36 ಎಂದು ಭಾವಿಸಿದರೆ ಸೂಚ್ಯಂಕ 0.80 ಆಗುತ್ತದೆ. ಮಬ್ಬಿನಿಂದ ಕೆಂಪು ಪಟ್ಟಿಗೆ 0.05 ಸೇರಿ 0.09 ಆಗಿ, ಅವಕೆಂಪು ಪಟ್ಟಿ ಕ್ಷೀಣಿಸಿ 0.34 ಆದರೆ ಸೂಚ್ಯಂಕ 0.58ಕ್ಕೆ ಇಳಿಯುತ್ತದೆ. ಒಂದು ಮರವನ್ನೂ ಕಡಿಯದಿದ್ದರೂ ಉದ್ಯಾನವನ ಬರಡಾದಂತೆ ತೋರುತ್ತದೆ.

ಅತಿಯಾದ ತಿದ್ದುಪಡಿಯೂ ಇಷ್ಟೇ ಅಪಾಯಕಾರಿ. ಮೇಲಿನ ಉದಾಹರಣೆಯಲ್ಲಿ ಕೆಂಪು ಪಟ್ಟಿಯಿಂದ 0.05ರ ಬದಲು 0.08 ಕಳೆದರೆ ಉಳಿಯುವುದು 0.01, ಆಗ ಸೂಚ್ಯಂಕ 0.94ಕ್ಕೆ ಏರಿ ಇಲ್ಲದ ಹಸಿರನ್ನು ಸೃಷ್ಟಿಸುತ್ತದೆ. ನಗರದ ಹಸಿರು ಹೊದಿಕೆಯ ಏರಿಳಿತ, ಕೆರೆಗಳ ಒತ್ತುವರಿ ಅಥವಾ ಬಡಾವಣೆಗಳ ವಿಸ್ತರಣೆಯ ಬಗ್ಗೆ ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಹೋಲಿಸಿ ತೀರ್ಮಾನಕ್ಕೆ ಬರುವಾಗ, ಆಕಾಶದಲ್ಲಾದ ಬದಲಾವಣೆಯನ್ನು ನೆಲದಲ್ಲಾದ ಬದಲಾವಣೆ ಎಂದು ಎಣಿಸುವ ಸಾಧ್ಯತೆ ಇದರಿಂದ ಉಂಟಾಗುತ್ತದೆ.

ಎಲ್ಲ ಸಂದರ್ಭಗಳಲ್ಲೂ ತಿದ್ದುಪಡಿ ಅನಿವಾರ್ಯವಲ್ಲ. ಒಂದೇ ದಿನದ ಒಂದೇ ಚಿತ್ರವನ್ನು ಅದೇ ಚಿತ್ರದಿಂದ ಆಯ್ದ ಮಾದರಿಗಳ ಆಧಾರದಲ್ಲಿ ವರ್ಗೀಕರಿಸುವುದಾದರೆ, ಮಬ್ಬು ಎಲ್ಲೆಡೆ ಏಕರೂಪವಾಗಿದ್ದಲ್ಲಿ, ಫಲಿತಾಂಶದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಮಬ್ಬು ಒಂದೆಡೆ ದಟ್ಟವಾಗಿ ಮತ್ತೊಂದೆಡೆ ತೆಳುವಾಗಿದ್ದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

## ಇತಿಹಾಸ

ಭೂಸಂಪನ್ಮೂಲ ಅಧ್ಯಯನಕ್ಕಾಗಿ ಅಮೆರಿಕವು ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹವನ್ನು 1972ರ ಜುಲೈ 23ರಂದು ಉಡಾಯಿಸಿತು. ಚಿತ್ರದಲ್ಲಿನ ಅತಿ ಕಪ್ಪು ಬಿಂದುವಿನ ಮೌಲ್ಯವನ್ನು ಎಲ್ಲ ಬಿಂದುಗಳಿಂದಲೂ ಕಳೆಯುವ ಸರಳ ಕ್ರಮ ಆರಂಭದ ವರ್ಷಗಳಿಂದಲೂ ಬಳಕೆಯಲ್ಲಿತ್ತು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪ್ಯಾಟ್ ಚಾವೆಜ್ 1988ರಲ್ಲಿ ಈ ಕ್ರಮಕ್ಕೆ ಸುಧಾರಿತ ರೂಪ ನೀಡಿದರು. 1996ರಲ್ಲಿ ಕ್ಷೀಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ವಿಸ್ತರಿಸಿದರು. ಎರಿಕ್ ವರ್ಮೋಟ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಸಿಕ್ಸ್-ಎಸ್ ಎಂಬ ವಿಕಿರಣ ವರ್ಗಾವಣೆ ಮಾದರಿಯ ವಿವರಗಳನ್ನು ಪ್ರಕಟಿಸಿದರು. ಅಸಮವಾಗಿ ಹರಡಿದ ಮಬ್ಬನ್ನು ಗುರುತಿಸುವ ಎಚ್‌ಒಟಿ ವಿಧಾನವನ್ನು ಕೆನಡಾದ ಸಂಶೋಧಕರು 2002ರಲ್ಲಿ ಮಂಡಿಸಿದರು.

2008ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಭಂಡಾರವನ್ನು ಉಚಿತವಾಗಿ ಒದಗಿಸುವ ನಿರ್ಧಾರವಾದ ಬಳಿಕ ದಶಕಗಳ ಚಿತ್ರಗಳನ್ನು ಸಾಲಾಗಿ ಹೋಲಿಸುವ ಅಧ್ಯಯನಗಳು ಹೆಚ್ಚಿದವು. ಇದರೊಂದಿಗೆ ಏಕರೂಪದ ತಿದ್ದುಪಡಿಯ ಅಗತ್ಯವೂ ಬೆಳೆಯಿತು. ಈಗ ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್-2 ಚಿತ್ರಗಳು ವಾಯುಮಂಡಲ ತಿದ್ದುಪಡಿ ಮಾಡಿದ ಮೇಲ್ಮೈ ಪ್ರತಿಫಲನದ ರೂಪದಲ್ಲಿಯೇ ದೊರೆಯುತ್ತವೆ.

## ಪ್ರಮುಖ ವಿಧಾನಗಳು

### ಕಪ್ಪು ವಸ್ತು ವ್ಯವಕಲನ

ಆಳವಾದ ತಿಳಿನೀರು ಅಥವಾ ದಟ್ಟ ನೆರಳಿನಂತಹ ವಸ್ತುಗಳು ಬಹುತೇಕ ಬೆಳಕನ್ನು ಪ್ರತಿಫಲಿಸುವುದಿಲ್ಲ ಎಂಬುದು ಈ ವಿಧಾನದ ಮೂಲ ಊಹೆ. ಅಂತಹ ಪಿಕ್ಸೆಲ್‌ನಲ್ಲಿ ಕಾಣುವ ಬೆಳಕು ಬಹುಪಾಲು ಪಥಪ್ರಕಾಶವೇ ಆಗಿರಬೇಕು. ಯಾವ ವಸ್ತುವೂ ಸಂಪೂರ್ಣ ಕಪ್ಪಲ್ಲದ ಕಾರಣ ಸಾಮಾನ್ಯವಾಗಿ ಅದಕ್ಕೆ 1 ಶೇಕಡಾ ಪ್ರತಿಫಲನವಿದೆ ಎಂದು ಭಾವಿಸಲಾಗುತ್ತದೆ. ನೀಲಿ ಪಟ್ಟಿಯಲ್ಲಿ ಕಪ್ಪು ವಸ್ತುವಿನ ಮೌಲ್ಯ 0.11 ಎಂದು ಕಂಡುಬಂದರೆ 0.10 ಅನ್ನು ಮಬ್ಬಿನ ಪಾಲೆಂದು ಎಣಿಸಿ ಆ ಪಟ್ಟಿಯ ಎಲ್ಲ ಪಿಕ್ಸೆಲ್‌ಗಳಿಂದ ಕಳೆಯಲಾಗುತ್ತದೆ. ಪ್ರತಿ ಪಟ್ಟಿಗೂ ಪ್ರತ್ಯೇಕವಾಗಿ ಅಂದಾಜು ಮಾಡಿದರೆ ಪಟ್ಟಿಗಳ ನಡುವಿನ ಭೌತಿಕ ಸಂಬಂಧ ಕೆಡಬಹುದು. ಆದ್ದರಿಂದ ಚಾವೆಜ್ ಅವರ ಸುಧಾರಿತ ಕ್ರಮದಲ್ಲಿ ಒಂದು ಪಟ್ಟಿಯ ಮಬ್ಬನ್ನು ಅಳೆದು, ಚದುರಿಕೆಯ ಮಾದರಿಯ ಮೂಲಕ ಉಳಿದ ಪಟ್ಟಿಗಳ ಮಬ್ಬನ್ನು ಲೆಕ್ಕಹಾಕಲಾಗುತ್ತದೆ. ಹೊರಗಿನ ಯಾವುದೇ ಮಾಪನ ಬೇಕಿಲ್ಲದಿರುವುದು ಈ ವಿಧಾನದ ಅನುಕೂಲ. ಇಡೀ ಚಿತ್ರದಲ್ಲಿ ಮಬ್ಬು ಏಕರೂಪವಾಗಿದೆ ಎಂಬ ಊಹೆ ಇದರ ದೌರ್ಬಲ್ಯ.

### ಎಚ್‌ಒಟಿ ವಿಧಾನ

ಶುಭ್ರ ಆಕಾಶದಲ್ಲಿ ಬಹುತೇಕ ಮೇಲ್ಮೈಗಳ ನೀಲಿ ಮತ್ತು ಕೆಂಪು ಮೌಲ್ಯಗಳು ಪರಸ್ಪರ ನಿಕಟ ಸಂಬಂಧ ಹೊಂದಿದ್ದು, ನಕ್ಷೆಯಲ್ಲಿ ಒಂದು ಸರಳರೇಖೆಯ ಆಸುಪಾಸಿನಲ್ಲಿ ಬೀಳುತ್ತವೆ. ಮಬ್ಬು ನೀಲಿ ಪಟ್ಟಿಯನ್ನು ಹೆಚ್ಚು ಬಾಧಿಸುವುದರಿಂದ ಮಬ್ಬು ಕವಿದ ಪಿಕ್ಸೆಲ್‌ಗಳು ಈ ರೇಖೆಯಿಂದ ದೂರ ಸರಿಯುತ್ತವೆ. ಸರಿದ ದೂರವೇ ಆ ಸ್ಥಳದ ಮಬ್ಬಿನ ಅಳತೆ. ಹೀಗೆ ಮಬ್ಬಿನ ನಕ್ಷೆಯನ್ನು ರಚಿಸಿ, ಪ್ರತಿ ಮಟ್ಟದ ಮಬ್ಬಿಗೂ ಪ್ರತ್ಯೇಕ ವ್ಯವಕಲನ ಮಾಡಬಹುದು. ಆದರೆ ನೀಲಿ ಬಣ್ಣದ ತಗಡಿನ ಛಾವಣಿಗಳು, ನೀಲಿ ಟಾರ್ಪಾಲಿನ ಹೊದಿಕೆಗಳು ಮತ್ತು ಕೆಲವು ಪ್ರಕಾಶಮಾನ ಛಾವಣಿಗಳು ಮಬ್ಬಿಲ್ಲದಿದ್ದರೂ ರೇಖೆಯಿಂದ ದೂರ ಬೀಳುತ್ತವೆ. ನಗರದಲ್ಲಿ ಇವನ್ನು ಮೊದಲೇ ಗುರುತಿಸಿ ಹೊರಗಿಡಬೇಕಾಗುತ್ತದೆ.

ನೀಲಿ ಪಟ್ಟಿಯಿಲ್ಲದ ಚಿತ್ರಗಳಿಗೆ ಈ ವಿಧಾನವನ್ನು ನೇರವಾಗಿ ಅನ್ವಯಿಸಲಾಗದು. ಭಾರತದ ರಿಸೋರ್ಸ್‌ಸ್ಯಾಟ್-2 ಉಪಗ್ರಹದ ಲಿಸ್-4 ಕ್ಯಾಮೆರಾ 5.8 ಮೀಟರ್ ಸೂಕ್ಷ್ಮತೆಯಲ್ಲಿ ಹಸಿರು, ಕೆಂಪು ಮತ್ತು ಸಮೀಪ ಅವಕೆಂಪು ಪಟ್ಟಿಗಳನ್ನು ಮಾತ್ರ ದಾಖಲಿಸುತ್ತದೆ. ನೀಲಿ ಪಟ್ಟಿಯ ಅನುಪಸ್ಥಿತಿಯಿಂದ ಅದರ ಚಿತ್ರಗಳಲ್ಲಿ ಮಬ್ಬಿನ ಪ್ರಭಾವ ಕಡಿಮೆ. ಆದರೆ ಇರುವ ಮಬ್ಬನ್ನು ಅಳೆಯುವ ಸಾಧನವೂ ಅಷ್ಟರ ಮಟ್ಟಿಗೆ ಕಡಿಮೆ.

### ವಿಕಿರಣ ವರ್ಗಾವಣೆ ಮಾದರಿಗಳು

ಸಿಕ್ಸ್-ಎಸ್, ಮಾಡ್‌ಟ್ರಾನ್ ಮುಂತಾದ ಮಾದರಿಗಳು ಸೂರ್ಯ ಮತ್ತು ಉಪಗ್ರಹದ ಕೋನ, ನೆಲದ ಎತ್ತರ, ನೀರಾವಿ, ಓಝೋನ್ ಮತ್ತು ಏರೋಸಾಲ್ ಪ್ರಮಾಣಗಳನ್ನು ಆಧರಿಸಿ ಬೆಳಕಿನ ಪಯಣವನ್ನು ಲೆಕ್ಕಹಾಕುತ್ತವೆ. ಸಂಕಲನ ಪರಿಣಾಮ ಮತ್ತು ಕ್ಷೀಣತೆ ಎರಡನ್ನೂ ಭೌತಶಾಸ್ತ್ರದ ನಿಯಮಗಳ ಪ್ರಕಾರ ಪರಿಗಣಿಸುವುದರಿಂದ ಇವು ಹೆಚ್ಚು ವಿಶ್ವಾಸಾರ್ಹ. ಆದರೆ ಫಲಿತಾಂಶದ ಗುಣಮಟ್ಟವು ಒದಗಿಸಿದ ಏರೋಸಾಲ್ ಮೌಲ್ಯದ ಗುಣಮಟ್ಟವನ್ನು ಮೀರಲಾರದು.

ಏರೋಸಾಲ್ ಪ್ರಮಾಣವನ್ನು ಚಿತ್ರದಿಂದಲೇ ಪಡೆಯಲು ದಟ್ಟ ಸಸ್ಯಾವರಣದ ಪಿಕ್ಸೆಲ್‌ಗಳನ್ನು ಬಳಸುವ ಕ್ರಮವಿದೆ. 2.1 ಮೈಕ್ರೊಮೀಟರ್‌ನ ಕಿರುತರಂಗ ಅವಕೆಂಪು ಬೆಳಕಿನ ಮೇಲೆ ಹೊಗೆಯ ಪ್ರಭಾವ ಅತ್ಯಲ್ಪ. ದಟ್ಟ ಸಸ್ಯಾವರಣದಲ್ಲಿ ಕೆಂಪು ಪ್ರತಿಫಲನ ಇದರ ಸುಮಾರು ಅರ್ಧದಷ್ಟು, ನೀಲಿ ಪ್ರತಿಫಲನ ಸುಮಾರು ಕಾಲುಭಾಗದಷ್ಟು ಇರುತ್ತದೆ. ನಿರೀಕ್ಷಿತ ಮೌಲ್ಯಕ್ಕೂ ಕಂಡ ಮೌಲ್ಯಕ್ಕೂ ಇರುವ ಅಂತರದಿಂದ ಏರೋಸಾಲ್ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. ಡಾಂಬರು, ಕಾಂಕ್ರೀಟ್ ಮತ್ತು ಬರಿ ಮಣ್ಣಿಗೆ ಈ ಅನುಪಾತಗಳು ಅನ್ವಯಿಸುವುದಿಲ್ಲ.

### ಡಾರ್ಕ್ ಚಾನೆಲ್ ವಿಧಾನ

ಕೈಮಿಂಗ್ ಹೆ, ಜಿಯಾನ್ ಸನ್ ಮತ್ತು ಶಿಯಾವೋ ಟಾಂಗ್ 2009ರಲ್ಲಿ ಸಾಮಾನ್ಯ ಛಾಯಾಚಿತ್ರಗಳಿಗಾಗಿ ಈ ವಿಧಾನವನ್ನು ಪ್ರಕಟಿಸಿದರು. ಮಬ್ಬಿಲ್ಲದ ಹೊರಾಂಗಣ ಚಿತ್ರದ ಪ್ರತಿ ಸಣ್ಣ ಭಾಗದಲ್ಲೂ, ಆಕಾಶದ ಭಾಗವನ್ನು ಹೊರತುಪಡಿಸಿ, ಯಾವುದಾದರೂ ಒಂದು ಬಣ್ಣದಲ್ಲಿ ಬಹುತೇಕ ಶೂನ್ಯ ಮೌಲ್ಯದ ಪಿಕ್ಸೆಲ್ ಇರುತ್ತದೆ ಎಂಬ ಅವಲೋಕನ ಇದರ ಆಧಾರ. ಆ ಕನಿಷ್ಠ ಮೌಲ್ಯ ಏರಿದ್ದರೆ ಅದನ್ನು ಮಬ್ಬಿನ ಸಾಂದ್ರತೆ ಎಂದು ತಿಳಿಯಲಾಗುತ್ತದೆ. ಉಪಗ್ರಹ ಚಿತ್ರಗಳಿಗೂ ಇದನ್ನು ವ್ಯಾಪಕವಾಗಿ ಅಳವಡಿಸಲಾಗಿದೆ. ಬಿಳಿ ಬಣ್ಣ ಬಳಿದ ವಿಶಾಲ ಛಾವಣಿಗಳು ಮತ್ತು ಕಾಂಕ್ರೀಟ್ ಅಂಗಳಗಳನ್ನು ಈ ವಿಧಾನ ಮಬ್ಬೆಂದು ಭ್ರಮಿಸಿ ಅನಗತ್ಯವಾಗಿ ಕಪ್ಪಾಗಿಸಬಹುದು. ಇದರಿಂದ ದೊರೆಯುವ ಚಿತ್ರ ನೋಟಕ್ಕೆ ಸ್ಪಷ್ಟವಾಗಿದ್ದರೂ ಅದರ ಮೌಲ್ಯಗಳನ್ನು ನೇರವಾಗಿ ಮೇಲ್ಮೈ ಪ್ರತಿಫಲನವೆಂದು ಬಳಸುವುದು ಸೂಕ್ತವಲ್ಲ.

### ಸಾಪೇಕ್ಷ ಹೊಂದಾಣಿಕೆ

ಎರಡು ದಿನಾಂಕಗಳ ಹೋಲಿಕೆಯಷ್ಟೇ ಉದ್ದೇಶವಾಗಿದ್ದಾಗ, ಶುಭ್ರವಾದ ಒಂದು ಚಿತ್ರವನ್ನು ಆಧಾರವಾಗಿಟ್ಟುಕೊಂಡು ಇನ್ನೊಂದನ್ನು ಅದಕ್ಕೆ ಹೊಂದಿಸಬಹುದು. ವಿಮಾನ ನಿಲ್ದಾಣದ ಓಡುದಾರಿ, ದೊಡ್ಡ ಛಾವಣಿ, ಆಳವಾದ ಜಲಾಶಯ ಮೊದಲಾದ, ಕಾಲಕ್ರಮದಲ್ಲಿ ಹೆಚ್ಚು ಬದಲಾಗದ ಮೇಲ್ಮೈಗಳನ್ನು ಇದಕ್ಕಾಗಿ ಆಯ್ದುಕೊಳ್ಳಲಾಗುತ್ತದೆ.

### ಯಂತ್ರ ಕಲಿಕೆ

ಇತ್ತೀಚಿನ ವರ್ಷಗಳಲ್ಲಿ ಕೃತಕ ನರಜಾಲಗಳ ಬಳಕೆ ಹೆಚ್ಚಿದೆ. ಒಂದೇ ಸ್ಥಳದ, ಒಂದೇ ಕ್ಷಣದ ಮಬ್ಬುಸಹಿತ ಮತ್ತು ಮಬ್ಬುರಹಿತ ಚಿತ್ರಗಳು ಜೋಡಿಯಾಗಿ ದೊರೆಯದ ಕಾರಣ, ಶುಭ್ರ ಚಿತ್ರಗಳಿಗೆ ಕೃತಕ ಮಬ್ಬನ್ನು ಸೇರಿಸಿ ತರಬೇತಿ ನೀಡುವುದು ರೂಢಿಯಲ್ಲಿದೆ. ನಿಜವಾದ ಮಬ್ಬು ಕೃತಕ ಮಬ್ಬಿಗಿಂತ ಭಿನ್ನವಾಗಿದ್ದಾಗ ಫಲಿತಾಂಶ ಕುಸಿಯುತ್ತದೆ. ಚಿತ್ರವನ್ನು ಸೃಷ್ಟಿಸಬಲ್ಲ ಜಾಲಗಳು ಮಬ್ಬಿನಡಿಯಲ್ಲಿ ಇಲ್ಲದ ರಸ್ತೆ ಅಥವಾ ಕಟ್ಟಡದ ಅಂಚನ್ನು ಊಹಿಸಿ ತುಂಬುವ ಅಪಾಯವೂ ಇದೆ.

## ನಗರ ಪ್ರದೇಶದ ವಿಶೇಷ ಸಮಸ್ಯೆಗಳು

ಮಿಶ್ರ ಪಿಕ್ಸೆಲ್: ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್ 900 ಚದರ ಮೀಟರ್ ನೆಲವನ್ನು ಒಳಗೊಳ್ಳುತ್ತದೆ. ಕರ್ನಾಟಕದ ಬಡಾವಣೆಗಳಲ್ಲಿ ಸಾಮಾನ್ಯವಾದ 30×40 ಅಡಿಯ ನಿವೇಶನಗಳು ಇಷ್ಟು ಜಾಗದಲ್ಲಿ ಸುಮಾರು ಎಂಟು ಹಿಡಿಸುತ್ತವೆ. ಛಾವಣಿ, ರಸ್ತೆ, ಮರ ಮತ್ತು ನೆರಳು ಒಂದೇ ಸಂಖ್ಯೆಯಲ್ಲಿ ಬೆರೆಯುವುದರಿಂದ ಶುದ್ಧ ಕಪ್ಪು ಅಥವಾ ಶುದ್ಧ ಹಸಿರು ಪಿಕ್ಸೆಲ್ ಸಿಗುವುದು ಕಷ್ಟ.

ಕಪ್ಪು ವಸ್ತುಗಳ ಕೊರತೆ: ನಗರದ ಕೆರೆಗಳು ಕೆಸರು, ಪಾಚಿ ಅಥವಾ ಕೊಳಚೆಯಿಂದ ಕೂಡಿದ್ದರೆ ಅವನ್ನು ಕಪ್ಪು ವಸ್ತುವೆಂದು ನಂಬಲಾಗದು. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಕಂಡುಬಂದಂತೆ ನೊರೆ ಮತ್ತು ಜಲಕಳೆ ಆವರಿಸಿದ ನೀರು ಪ್ರಕಾಶಮಾನವಾಗಿಯೂ, ಅವಕೆಂಪು ಪಟ್ಟಿಯಲ್ಲಿ ಹೊಲದಂತೆಯೂ ಕಾಣುತ್ತದೆ. ಕೆರೆಯ ಕೆಂಪು ಪ್ರತಿಫಲನ ನಿಜವಾಗಿ 0.04 ಇದ್ದು ಅದನ್ನು 0.01 ಎಂದು ಭಾವಿಸಿದರೆ, ಎಲ್ಲ ಪಿಕ್ಸೆಲ್‌ಗಳಿಂದ 0.03 ಹೆಚ್ಚಾಗಿ ಕಳೆಯಲಾಗುತ್ತದೆ. ಮೇಲೆ ವಿವರಿಸಿದ ಉದ್ಯಾನವನದ ಸೂಚ್ಯಂಕ 0.94ಕ್ಕೆ ಏರಲು ಇಷ್ಟು ದೋಷ ಸಾಕು. ಎತ್ತರದ ಕಟ್ಟಡಗಳ ನೆರಳಿನ ಮೇಲೂ ಆಕಾಶದಿಂದ ಮತ್ತು ಎದುರಿನ ಗೋಡೆಗಳಿಂದ ಬೆಳಕು ಬೀಳುವುದರಿಂದ ಅದು ಸಂಪೂರ್ಣ ಕಪ್ಪಲ್ಲ.

ಮಬ್ಬಿನ ಅಸಮಾನತೆ: ಕೈಗಾರಿಕಾ ಪ್ರದೇಶ, ಹೆದ್ದಾರಿ ಮತ್ತು ತ್ಯಾಜ್ಯ ಸುಡುವ ಸ್ಥಳಗಳ ಮೇಲೆ ಮಬ್ಬು ದಟ್ಟವಾಗಿರಬಹುದು. ನಗರದ ಹೊರವಲಯದ ಕಾಡಿನಿಂದ ಪಡೆದ ಏರೋಸಾಲ್ ಮೌಲ್ಯವನ್ನು ನಗರದ ಮಧ್ಯಭಾಗಕ್ಕೆ ಅನ್ವಯಿಸಿದರೆ ತಿದ್ದುಪಡಿ ಸಾಲದಾಗುತ್ತದೆ.

ಕಣಗಳ ಸ್ವರೂಪ: ಡೀಸೆಲ್ ಹೊಗೆಯಲ್ಲಿರುವ ಮಸಿ ಬೆಳಕನ್ನು ಚದುರಿಸುವುದರ ಜೊತೆಗೆ ಹೀರಿಕೊಳ್ಳುತ್ತದೆಯಾದ್ದರಿಂದ ಪ್ರಕಾಶಮಾನ ಛಾವಣಿಗಳನ್ನು ಮಂಕಾಗಿಸುತ್ತದೆ. ಗ್ರಾಮೀಣ ವಾಯುಮಂಡಲಕ್ಕಾಗಿ ರೂಪಿಸಿದ ಏರೋಸಾಲ್ ಮಾದರಿಯನ್ನು ನಗರಕ್ಕೆ ಬಳಸಿದರೆ ಈ ಹೀರಿಕೆ ಲೆಕ್ಕಕ್ಕೆ ಬರುವುದಿಲ್ಲ.

## ಉದಾಹರಣೆ: ದೆಹಲಿ ಮತ್ತು ಗಂಗಾ ಬಯಲು

ದೆಹಲಿಯ ಚಿತ್ರಗಳಲ್ಲಿ ಈ ಸಮಸ್ಯೆಗಳು ಒಟ್ಟಾಗಿ ಕಾಣಸಿಗುತ್ತವೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಪಂಜಾಬ್, ಹರಿಯಾಣಗಳ ಭತ್ತದ ಕೂಳೆ ಸುಡುವ ಹೊಗೆ ನಗರದ ಸ್ಥಳೀಯ ಮಾಲಿನ್ಯದೊಂದಿಗೆ ಸೇರುತ್ತದೆ. ಚಳಿಗಾಲದಲ್ಲಿ ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ನಿಲ್ಲುವುದರಿಂದ ಹೊಗೆ ಮೇಲೇರದೆ ಕೆಳಗೇ ಉಳಿಯುತ್ತದೆ. ಲ್ಯಾಂಡ್‌ಸ್ಯಾಟ್ 8 ಬೆಳಿಗ್ಗೆ ಸುಮಾರು 10 ಗಂಟೆಗೆ, ಸೆಂಟಿನೆಲ್-2 ಸುಮಾರು 10:30ಕ್ಕೆ ಹಾದುಹೋಗುತ್ತವೆ; ಚಳಿಗಾಲದಲ್ಲಿ ಆ ಹೊತ್ತಿಗೆ ಈ ಪದರ ಇನ್ನೂ ಒಡೆದಿರದ ದಿನಗಳು ಅನೇಕ. ಸೂರ್ಯನೂ ಕೆಳಗಿರುವುದರಿಂದ ಬೆಳಕು ಹೆಚ್ಚು ದೂರ ಮಬ್ಬಿನ ಮೂಲಕ ಸಾಗಬೇಕಾಗುತ್ತದೆ. ಮುಂಗಾರಿನ ನಂತರದ ಶುಭ್ರ ದಿನದ ಚಿತ್ರವನ್ನು ನವೆಂಬರ್ ಚಿತ್ರದೊಂದಿಗೆ ತಿದ್ದುಪಡಿಯಿಲ್ಲದೆ ಹೋಲಿಸಿದರೆ ಹಸಿರಿನ ಕುಸಿತ ವಾಸ್ತವಕ್ಕಿಂತ ಹೆಚ್ಚಾಗಿ ತೋರುತ್ತದೆ.

ಇದೇ ಬಯಲಿನ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ನಾಸಾ ನೇತೃತ್ವದ ಏರೋನೆಟ್ ಜಾಲದ ಮಾಪನ ಕೇಂದ್ರ 2001ರಿಂದ ಇದೆ. ಸೂರ್ಯನನ್ನು ನೇರವಾಗಿ ನೋಡುವ ಉಪಕರಣದಿಂದ ಅಲ್ಲಿ ಏರೋಸಾಲ್ ದ್ಯುತೀಯ ಆಳವನ್ನು ಅಳೆಯಲಾಗುತ್ತದೆ. ಇಂತಹ ನೆಲದ ಮಾಪನಗಳು ಉಪಗ್ರಹದಿಂದ ಪಡೆದ ಅಂದಾಜುಗಳನ್ನು ಪರೀಕ್ಷಿಸಲು ನೆರವಾಗುತ್ತವೆ.

## ಕಾರ್ಯವಿಧಾನ

ನಗರದ ಚಿತ್ರವೊಂದನ್ನು ಸಾಮಾನ್ಯವಾಗಿ ಈ ಕ್ರಮದಲ್ಲಿ ಸಂಸ್ಕರಿಸಲಾಗುತ್ತದೆ:

1. ಹೋಲಿಕೆಗಾಗಿ ಒಂದೇ ಋತುವಿನ, ಆದಷ್ಟು ಶುಭ್ರವಾದ ದಿನಗಳ ಚಿತ್ರಗಳನ್ನು ಆಯ್ದುಕೊಳ್ಳುವುದು.
2. ಮೋಡ ಮತ್ತು ಮೋಡದ ನೆರಳನ್ನು ಗುರುತಿಸಿ ಹೊರಗಿಡುವುದು.
3. ಚಿತ್ರದ ಅಂಕಿಗಳನ್ನು ಪ್ರತಿಫಲನಕ್ಕೆ ಪರಿವರ್ತಿಸುವುದು. ಲ್ಯಾಂಡ್‌ಸ್ಯಾಟ್ 8ರ ಮೊದಲ ಹಂತದ ಚಿತ್ರದಲ್ಲಿ ಅಂಕಿಯನ್ನು 0.00002ರಿಂದ ಗುಣಿಸಿ, 0.1 ಕಳೆದು, ಸೂರ್ಯನ ಔನ್ನತ್ಯ ಕೋನದ ಸೈನ್ ಮೌಲ್ಯದಿಂದ ಭಾಗಿಸಲಾಗುತ್ತದೆ. 2022ರ ಜನವರಿ ಕೊನೆಯಿಂದ ಜಾರಿಯಲ್ಲಿರುವ ಸೆಂಟಿನೆಲ್-2 ಸಂಸ್ಕರಣೆಯಲ್ಲಿ ಅಂಕಿಯಿಂದ 1000 ಕಳೆದು 10000ದಿಂದ ಭಾಗಿಸಬೇಕು. ಇದನ್ನು ಮರೆತರೆ ಪ್ರತಿ ಪಿಕ್ಸೆಲ್‌ಗೂ 0.1 ಸೇರಿ, ಮಬ್ಬನ್ನೇ ಹೋಲುವ ದೋಷ ಉಂಟಾಗುತ್ತದೆ.
4. ಮಬ್ಬಿನ ಪ್ರಮಾಣ ಮತ್ತು ಹರಡುವಿಕೆಯನ್ನು ಅಂದಾಜಿಸುವುದು.
5. ಸೂಕ್ತ ವಿಧಾನದಿಂದ ತಿದ್ದುಪಡಿ ಮಾಡುವುದು. ಈಗಾಗಲೇ ತಿದ್ದುಪಡಿಯಾದ ಮೇಲ್ಮೈ ಪ್ರತಿಫಲನದ ಚಿತ್ರಕ್ಕೆ ಮತ್ತೊಮ್ಮೆ ಕಪ್ಪು ವಸ್ತು ವ್ಯವಕಲನ ಮಾಡಬಾರದು.
6. ಫಲಿತಾಂಶವನ್ನು ಪರೀಕ್ಷಿಸುವುದು.

## ಫಲಿತಾಂಶದ ಪರೀಕ್ಷೆ

ತಿದ್ದುಪಡಿಯ ಗುಣಮಟ್ಟವನ್ನು ಕಣ್ಣಂದಾಜಿನಿಂದ ಮಾತ್ರ ನಿರ್ಧರಿಸಲಾಗದು. ಉಪಗ್ರಹ ಹಾದುಹೋಗುವ ಸಮಯದಲ್ಲಿ ನೆಲದ ಮೇಲೆ ರೋಹಿತಮಾಪಕದಿಂದ ಅಳೆದ ಪ್ರತಿಫಲನದೊಂದಿಗೆ ಹೋಲಿಸುವುದು ಅತ್ಯಂತ ನೇರ ಕ್ರಮ. ಅದು ಸಾಧ್ಯವಿಲ್ಲದಿದ್ದರೆ, ಬದಲಾಗದ ಮೇಲ್ಮೈಗಳ ಮೌಲ್ಯ ಶುಭ್ರ ದಿನದ ಚಿತ್ರದಲ್ಲಿ ಎಷ್ಟಿತ್ತು ಎಂದು ನೋಡಲಾಗುತ್ತದೆ. ಪ್ರತಿಫಲನ ಋಣಾತ್ಮಕವಾಗಿರುವ ಪಿಕ್ಸೆಲ್‌ಗಳು ಹೆಚ್ಚಿದ್ದರೆ ಅದು ಅತಿಯಾದ ತಿದ್ದುಪಡಿಯ ಲಕ್ಷಣ. ಆರೋಗ್ಯವಂತ ಮರಗಳ ಮೇಲೆ ನೀಲಿ ಪ್ರತಿಫಲನ ಹಸಿರಿಗಿಂತ ಹೆಚ್ಚಾಗಿ ಉಳಿದಿದ್ದರೆ ಅದು ತಿದ್ದುಪಡಿ ಸಾಲದೆಂಬುದರ ಲಕ್ಷಣ.

## ಮಿತಿಗಳು

ಯಾವ ವಿಧಾನವೂ ಮಬ್ಬನ್ನು ಸಂಪೂರ್ಣವಾಗಿ ತೆಗೆಯಲಾರದು. ಮಬ್ಬು ದಟ್ಟವಾದಂತೆ ನೆಲದ ಸಂಕೇತ ಕ್ಷೀಣಿಸಿ, ಅದನ್ನು ಹಿಗ್ಗಿಸುವಾಗ ಸಂವೇದಕದ ಗದ್ದಲವೂ ಹಿಗ್ಗುತ್ತದೆ. ಒಂದು ಮಟ್ಟದ ನಂತರ ಆ ಚಿತ್ರವನ್ನು ಕೈಬಿಟ್ಟು ಬೇರೆ ದಿನದ ಚಿತ್ರವನ್ನು ಬಳಸುವುದೇ ಸರಿಯಾದ ಕ್ರಮ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಒಟ್ಟಾಗಿ ಪ್ರತಿ 8 ದಿನಗಳಿಗೊಮ್ಮೆ, ಸೆಂಟಿನೆಲ್-2ರ ಉಪಗ್ರಹ ಜೋಡಿ ಸಮಭಾಜಕದ ಬಳಿ 5 ದಿನಗಳಿಗೊಮ್ಮೆ ಒಂದೇ ಸ್ಥಳವನ್ನು ಚಿತ್ರೀಕರಿಸುವುದರಿಂದ ಇಂತಹ ಆಯ್ಕೆ ಹಿಂದಿಗಿಂತ ಸುಲಭವಾಗಿದೆ. ನಗರದ ಹಸಿರು, ನೀರು ಅಥವಾ ಕಟ್ಟಡಗಳ ವಿಸ್ತೀರ್ಣವನ್ನು ಉಪಗ್ರಹ ಚಿತ್ರಗಳ ಆಧಾರದಲ್ಲಿ ವರದಿ ಮಾಡುವಾಗ ಚಿತ್ರಗಳ ದಿನಾಂಕ, ತಿದ್ದುಪಡಿಯ ವಿಧಾನ ಮತ್ತು ಹೊರಗಿಟ್ಟ ಭಾಗಗಳನ್ನು ನಮೂದಿಸಿದರೆ, ವರದಿಯಾದ ಬದಲಾವಣೆ ನೆಲದ್ದೋ ಆಕಾಶದ್ದೋ ಎಂಬುದನ್ನು ಇತರರು ಪರಿಶೀಲಿಸಬಹುದು.